ಭೂಮಿ ತುಂಬಾ ನೀರು, ಸಿಹಿನೀರಿಗೆ ಮಾತ್ರ ಬರ ಯಾಕೆ?

ಪ್ರಶ್ನೆ: ಸರ್, ಭೂಮಿಯ ಮುಕ್ಕಾಲು ಭಾಗ ನೀರು ಅಂತ ಸಣ್ಣ ಕ್ಲಾಸಿಂದ ಓದ್ಕೊಂಡು ಬಂದಿದ್ದೀವಿ. ನೀರು ಆವಿಯಾಗುತ್ತೆ, ಮೋಡ ಆಗುತ್ತೆ, ಮಳೆಯಾಗಿ ವಾಪಸ್ ಬರುತ್ತೆ, ಒಂದು ಹನಿನೂ ಎಲ್ಲೂ ಹೋಗಲ್ಲ ಅಂತಾನೂ ಅದೇ ಪುಸ್ತಕದಲ್ಲಿದೆ. ಹಾಗಿದ್ಮೇಲೆ ನೀರು ಖಾಲಿಯಾಗ್ತಿದೆ ಅಂತ ಯಾಕೆ ಹೇಳ್ತಾರೆ? ಎರಡರಲ್ಲಿ ಒಂದು ಸುಳ್ಳಿರಬೇಕಲ್ವಾ? (ಕಾಲೇಜು ವಿದ್ಯಾರ್ಥಿನಿ)

ಉತ್ತರ: ಎರಡೂ ನಿಜಾನೇ ಕಣಮ್ಮ. ಭೂಮಿ ಮೇಲ್ಮೈನಲ್ಲಿ 71 ಪರ್ಸೆಂಟ್ ನೀರು, ಸರಿ. ಒಟ್ಟು ನೀರಿನ ಮೊತ್ತ ಹೆಚ್ಚುಕಮ್ಮಿ ಹಾಗೇ ಉಳಿದಿದೆ, ಅದೂ ಸರಿ. ಆದ್ರೆ ಒಟ್ಟು ಎಷ್ಟಿದೆ ಅನ್ನೋದ್ರಿಂದ ಬರ ತೀರ್ಮಾನ ಆಗಲ್ಲ, ವರ್ಷಕ್ಕೆ ಎಷ್ಟು ನೀರು ಹೊಸದಾಗಿ ಸಿಹಿಯಾಗಿ ನೆಲಕ್ಕೆ ಬರುತ್ತೆ, ಎಲ್ಲಿ ಬರುತ್ತೆ, ಯಾವ ತಿಂಗಳಲ್ಲಿ ಬರುತ್ತೆ ಅನ್ನೋದ್ರಿಂದ ಆಗುತ್ತೆ.

ಮೊದಲು ಒಟ್ಟು ಲೆಕ್ಕ ನೋಡಿಬಿಡೋಣ. 71 ಪರ್ಸೆಂಟ್ ಅನ್ನೋದು ನೀರು ಹರಡಿರೋ ಅಗಲ ಅಷ್ಟೇ. ಸಮುದ್ರದ ಸರಾಸರಿ ಆಳ ಸುಮಾರು 3.7 ಕಿಲೋಮೀಟರ್, ಭೂಮಿಯ ಕೇಂದ್ರ ಇರೋದು 6,371 ಕಿಲೋಮೀಟರ್ ಕೆಳಗೆ, ಅಂದ್ರೆ ನೀರು ಅನ್ನೋದು ಭೂಮಿಗೆ ಮೇಲ್ಗಡೆ ಬಳಿದಿರೋ ತೆಳ್ಳನೆ ಪದರ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯವರು ಇದನ್ನ ಚೆನ್ನಾಗಿ ತೋರಿಸಿದ್ದಾರೆ, ಭೂಮಿ ಮೇಲಿರೋ ಎಲ್ಲಾ ನೀರನ್ನ ಒಟ್ಟು ಸೇರಿಸಿ ಒಂದು ಗೋಳ ಮಾಡಿದ್ರೆ ಅದರ ವ್ಯಾಸ ಬರೀ 1,385 ಕಿಲೋಮೀಟರ್ ಅಂತೆ, ಭೂಮಿಯದು 12,700ಕ್ಕೂ ಜಾಸ್ತಿ. ನದಿ, ಕೆರೆ, ಸರೋವರಗಳ ಸಿಹಿನೀರನ್ನಷ್ಟೇ ತಗೊಂಡ್ರೆ ಆ ಗೋಳದ ವ್ಯಾಸ 56 ಕಿಲೋಮೀಟರ್. ಬಸ್ಸಲ್ಲಿ ಕೂತ್ರೆ ಒಂದು ಗಂಟೇಲಿ ದಾಟೋ ದೂರ ಅದು.

ಒಟ್ಟು ನೀರು ಸುಮಾರು 138.6 ಕೋಟಿ ಘನ ಕಿಲೋಮೀಟರ್. ಅದರಲ್ಲಿ 97.5 ಪರ್ಸೆಂಟ್ ಉಪ್ಪುನೀರು. ಸಮುದ್ರದ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತೆ, ನಮ್ಮ ಕಿಡ್ನಿ ಅಷ್ಟು ಗಟ್ಟಿ ಉಪ್ಪನ್ನ ಮೂತ್ರದಲ್ಲಿ ಹೊರಗೆ ಹಾಕೋಕಾಗಲ್ಲ, ಅದಕ್ಕೇ ಸಮುದ್ರದ ನೀರು ಕುಡಿದೋರಿಗೆ ಬಾಯಾರಿಕೆ ಇನ್ನೂ ಜಾಸ್ತಿ ಆಗುತ್ತೆ, ಕುಡಿದಿದ್ದಕ್ಕಿಂತ ಹೆಚ್ಚು ನೀರು ಆ ಉಪ್ಪನ್ನ ಹೊರಗೆ ಹಾಕೋಕೇ ಖರ್ಚಾಗುತ್ತೆ. ಉಳಿದ ಎರಡೂವರೆ ಪರ್ಸೆಂಟ್ ಸಿಹಿನೀರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಮಂಜುಗಡ್ಡೆ, ಅದರಲ್ಲೂ ಬಹುಪಾಲು ಅಂಟಾರ್ಕ್ಟಿಕಾದಲ್ಲಿ, ಅಲ್ಲಿ ಯಾವ ಊರೂ ಇಲ್ಲ ಹೊಲವೂ ಇಲ್ಲ. ಸುಮಾರು 30 ಪರ್ಸೆಂಟ್ ಅಂತರ್ಜಲ. ಕಣ್ಣಿಗೆ ಕಾಣೋ ನದಿ, ಸರೋವರ ಎಲ್ಲಾ ಸೇರಿ ಸಿಹಿನೀರಿನ ಅರ್ಧ ಪರ್ಸೆಂಟೂ ಇಲ್ಲ. ಆ ಸ್ವಲ್ಪದಲ್ಲೂ ಹತ್ತಿರ ಹತ್ತಿರ ಐದನೇ ಒಂದು ಪಾಲು ಸೈಬೀರಿಯಾದ ಬೈಕಲ್ ಸರೋವರ ಒಂದರಲ್ಲೇ ತುಂಬ್ಕೊಂಡಿದೆ!

ಆದ್ರೆ ಈ ಪರ್ಸೆಂಟೇಜ್ ಲೆಕ್ಕ ಹೇಳಿ ನಿಲ್ಲಿಸಿದ್ರೆ ತಪ್ಪು ಅರ್ಥ ಬರುತ್ತೆ, ತುಂಬಾ ಲೇಖನಗಳು ಇಲ್ಲಿಗೇ ನಿಲ್ಲಿಸಿಬಿಡ್ತವೆ ಅನ್ನೋದು ನನಗೆ ಬೇಜಾರು. ಯಾಕಂದ್ರೆ ನದೀಲಿ ಈ ಕ್ಷಣದಲ್ಲಿ ಇರೋ ನೀರು ತುಂಬಾ ಕಮ್ಮಿ, ಪ್ರಪಂಚದ ಎಲ್ಲಾ ನದಿ ಸೇರಿದ್ರೂ ಸುಮಾರು 2,100 ಘನ ಕಿಲೋಮೀಟರ್, ನಾವು ವರ್ಷಕ್ಕೆ ಎತ್ತಿಕೊಳ್ಳೋದೇ ಸುಮಾರು 4,000. ಆದ್ರೂ ನದಿ ಬತ್ತಿಲ್ಲ, ಯಾಕಂದ್ರೆ ಅದು ವರ್ಷಕ್ಕೆ ಎಷ್ಟೋ ಸಲ ಹೊಸದಾಗಿ ತುಂಬ್ಕೊಳ್ಳುತ್ತೆ. ಗಾಳಿಯಲ್ಲಿರೋ ಆವಿ ಸರಾಸರಿ ಒಂಬತ್ತು ಹತ್ತು ದಿನದಲ್ಲಿ ಮಳೆಯಾಗಿ ಬಿದ್ದುಬಿಡುತ್ತೆ. ಸೂರ್ಯ ವರ್ಷವಿಡೀ ಸಮುದ್ರದಿಂದ ಉಪ್ಪು ಬಿಟ್ಟು ನೀರನ್ನ ಮಾತ್ರ ಮೇಲೆತ್ತುತ್ತಾ ಇರ್ತಾನೆ, ಅದರಲ್ಲಿ ಬಹುಪಾಲು ಸಮುದ್ರದ ಮೇಲೇ ಮತ್ತೆ ಮಳೆಯಾಗಿ ಬಿದ್ದುಹೋಗುತ್ತೆ, ಒಂದು ಪಾಲು ಮಾತ್ರ ಗಾಳಿ ಜೊತೆ ನೆಲದ ಮೇಲಕ್ಕೆ ಬರುತ್ತೆ. ನೆಲದ ಮೇಲೆ ಒಟ್ಟಾರೆ ವರ್ಷಕ್ಕೆ ಸುಮಾರು 1,10,000 ಘನ ಕಿಲೋಮೀಟರ್ ಮಳೆ, ಹಿಮ ಬೀಳುತ್ತೆ. ಅದರಲ್ಲಿ ಹೆಚ್ಚಿನದು ಗಿಡಮರ, ಮಣ್ಣಿನಿಂದ ಮತ್ತೆ ಆವಿಯಾಗಿ ಹೋಗುತ್ತೆ (ಇದು ದಂಡ ಅಲ್ಲ, ಕಾಡು, ಹುಲ್ಲುಗಾವಲು, ಮಳೆ ಆಶ್ರಿತ ಬೇಸಾಯ ಎಲ್ಲಾ ನಡೆಯೋದು ಇದರಿಂದಲೇ). ಉಳಿದ ಸುಮಾರು 40,000 ನದಿಯಾಗಿ, ಅಂತರ್ಜಲವಾಗಿ ಹರಿದು ಸಮುದ್ರ ಸೇರುತ್ತೆ. ನಮ್ಮ ವರ್ಷದ ವರಮಾನ ಅಂದ್ರೆ ಇದೇ.

ಈಗ ನೀನು ಕೇಳಬಹುದು, 40,000ದಲ್ಲಿ 4,000 ತಗೊಂಡ್ರೆ ಹತ್ತನೇ ಒಂದು ಭಾಗ ಅಷ್ಟೇ ಆಯ್ತಲ್ಲ ಸರ್, ಕೊರತೆ ಎಲ್ಲಿ ಅಂತ. ಇಲ್ಲೇ ಇರೋದು ವಿಷಯ. ಅಮೆಜಾನ್ ನದಿ ಒಂದೇ ಪ್ರಪಂಚದ ನದಿಗಳು ಸಮುದ್ರಕ್ಕೆ ಸುರಿಯೋ ನೀರಲ್ಲಿ ಆರನೇ ಒಂದು ಪಾಲಿನಷ್ಟು ಸುರಿಯುತ್ತೆ, ಅದರ ದಂಡೆಯಲ್ಲಿ ಜನ ಇರೋದು ತೀರಾ ಕಮ್ಮಿ. ಉತ್ತರ ರಷ್ಯಾ, ಕೆನಡಾದ ದೊಡ್ಡ ನದಿಗಳು ಆರ್ಕ್ಟಿಕ್ ಕಡೆ ಹರಿದು ಹೋಗ್ತವೆ. ಜನ ದಟ್ಟವಾಗಿರೋ ಕಡೆ ಬರೋ ಮಳೇಲೂ ದೊಡ್ಡ ಪಾಲು ಕೆಲವೇ ವಾರಗಳಲ್ಲಿ ಸುರಿದು, ಪ್ರವಾಹವಾಗಿ, ಯಾರ ಕೈಗೂ ಸಿಗದೆ ಹೋಗುತ್ತೆ. ದೂರದ್ದನ್ನೂ ಪ್ರವಾಹದ್ದನ್ನೂ ಕಳೆದ್ರೆ ನಿಜಕ್ಕೂ ಕೈಗೆ ಸಿಗೋದು ವರ್ಷಕ್ಕೆ 12,500 ಘನ ಕಿಲೋಮೀಟರ್ ಅಂತ 1996ರಲ್ಲಿ ವಿಜ್ಞಾನಿಗಳು ಅಂದಾಜು ಹಾಕಿದ್ರು. ಅಷ್ಟರಲ್ಲೂ ನದಿ ನದಿಯಾಗಿ ಉಳಿಯೋಕೆ, ಮೀನು ಬದುಕೋಕೆ, ಸಮುದ್ರದ ಉಪ್ಪು ಅಳಿವೆಯಿಂದ ಒಳಗೆ ನುಗ್ಗದೆ ಇರೋಕೆ ಒಂದಷ್ಟು ಹರಿಯೋಕೆ ಬಿಡಲೇಬೇಕು. ಒಂದು ಕಡೆ ಮಿಕ್ಕಿದ್ದನ್ನ ಇನ್ನೊಂದು ಕಡೆ ಸಾಗಿಸೋದು ಸುಲಭ ಅಲ್ಲ, ಯಾಕಂದ್ರೆ ಒಂದು ಘನ ಮೀಟರ್ ನೀರು ಅಂದ್ರೆ ಒಂದು ಟನ್ ತೂಕ. ಎಣ್ಣೆನ ಹಡಗಲ್ಲಿ ತುಂಬಿ ಪ್ರಪಂಚ ಸುತ್ತಿಸಿದ್ರೂ ಲಾಭ ಬರುತ್ತೆ, ನೀರಿನ ವಿಷಯದಲ್ಲಿ ಅದು ನಡೆಯಲ್ಲ. ಹಾಗಾಗಿ ನೀರಿನ ಕೊರತೆ ಅನ್ನೋದು ಇಡೀ ಭೂಮಿಗೆ ಒಟ್ಟಿಗೆ ಬರೋದಲ್ಲ, ಒಂದೊಂದು ನದಿ ಕಣಿವೆಗೆ ಬೇರೆ ಬೇರೆಯಾಗಿ, ಬೇರೆ ಬೇರೆ ತಿಂಗಳಲ್ಲಿ ಬರೋದು.

ಪ್ರಶ್ನೆ: ಮಳೆ ಕಮ್ಮಿಯಾದ್ರೆ ನೆಲದೊಳಗೆ ಬೇಕಾದಷ್ಟಿದೆಯಲ್ಲ? ನೀವೇ ಹೇಳಿದ ಹಾಗೆ ಸಿಹಿನೀರಲ್ಲಿ 30 ಪರ್ಸೆಂಟ್ ಅಂತರ್ಜಲ. ಇನ್ನೂ ಆಳಕ್ಕೆ ಬೋರ್ ಕೊರೆದ್ರೆ ಆಯ್ತಲ್ವಾ?

ಉತ್ತರ: ಅಂತರ್ಜಲದ ವಿಷಯದಲ್ಲಿ ಬಡ್ಡಿ ಯಾವುದು, ಅಸಲು ಯಾವುದು ಅಂತ ಗೊತ್ತಿರಬೇಕು. ಮೇಲಿನ ಪದರದ ನೀರು ಪ್ರತಿ ಮಳೆಗಾಲದಲ್ಲೂ ಒಂದಷ್ಟು ತುಂಬುತ್ತೆ, ಅದು ಬಡ್ಡಿ. ಆಳದ ನೀರು ಸಾವಿರಾರು ವರ್ಷ ಹಿಂದೆ, ಕೆಲವು ಕಡೆ ಕಳೆದ ಹಿಮಯುಗದ ಕಾಲದಲ್ಲಿ ಬಿದ್ದ ಮಳೆ. ಸಹಾರಾ ಮರಳುಗಾಡಿನ ಕೆಳಗಿರೋ ನುಬಿಯನ್ ಜಲಪದರ ಅಂಥದ್ದು, ಈಗ ಅಲ್ಲಿ ಮಳೆನೇ ಇಲ್ಲ, ತುಂಬೋ ಮಾತೇ ಇಲ್ಲ. ಸೌದಿ ಅರೇಬಿಯಾ ಇಂಥದ್ದೇ ಹಳೇ ನೀರೆತ್ತಿ ಮರಳುಗಾಡಲ್ಲಿ ಗೋಧಿ ಬೆಳೆದು, 1990ರ ದಶಕದ ಶುರುವಿನಲ್ಲಿ ಹೊರದೇಶಕ್ಕೂ ದೊಡ್ಡ ಮಟ್ಟದಲ್ಲಿ ಮಾರ್ತಿತ್ತು. ನೀರಿನ ಪದರ ಕುಸಿದಾಗ 2008ರಲ್ಲಿ ಬೆಳೆ ಕಮ್ಮಿ ಮಾಡ್ತಾ ಬರೋ ತೀರ್ಮಾನ ತಗೊಂಡು 2016ಕ್ಕೆ ಸರ್ಕಾರಿ ಗೋಧಿ ಖರೀದಿಯನ್ನೇ ನಿಲ್ಲಿಸಬೇಕಾಯ್ತು.

ಈ ಅಸಲು ಕರಗ್ತಿರೋದನ್ನ ಈಗ ಆಕಾಶದಿಂದ ತೂಗಬಹುದು. 2002ರಲ್ಲಿ ನಾಸಾ ಮತ್ತು ಜರ್ಮನಿಯವರು ಸೇರಿ ಗ್ರೇಸ್ ಅನ್ನೋ ಜೋಡಿ ಉಪಗ್ರಹ ಹಾರಿಸಿದ್ರು, ಒಂದರ ಹಿಂದೆ ಒಂದು ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಹೋಗ್ತಿದ್ವು. ಕೆಳಗಡೆ ಎಲ್ಲಾದ್ರೂ ದ್ರವ್ಯರಾಶಿ ಕಮ್ಮಿಯಾದ್ರೆ ಅಲ್ಲಿ ಗುರುತ್ವಾಕರ್ಷಣೆ ಕೂದಲೆಳೆಯಷ್ಟು ಕಮ್ಮಿಯಾಗುತ್ತೆ, ಆಗ ಎರಡು ಉಪಗ್ರಹದ ನಡುವಿನ ಅಂತರ ಬದಲಾಗುತ್ತೆ, ಆ ಬದಲಾವಣೆಯಿಂದ ಎಷ್ಟು ನೀರು ಹೋಯ್ತು ಅಂತ ಲೆಕ್ಕ ಹಾಕ್ತಾರೆ. ಈ ಅಳತೆ ಪ್ರಕಾರ ವಾಯವ್ಯ ಭಾರತದ ರಾಜಸ್ಥಾನ, ಪಂಜಾಬ್, ಹರಿಯಾಣ ಪ್ರದೇಶದಲ್ಲಿ 2002ರಿಂದ 2008ರವರೆಗೆ ಸುಮಾರು 109 ಘನ ಕಿಲೋಮೀಟರ್ ಅಂತರ್ಜಲ ಹೋಗಿತ್ತು. ಇನ್ನೂ ಒಂದು ವಿಷಯ 2023ರಲ್ಲಿ ಹೊರಗೆ ಬಂತು, ಓದಿದಾಗ ನಾನು ಬೆಚ್ಚಿಬಿದ್ದೆ: 1993ರಿಂದ 2010ರ ನಡುವೆ ಮನುಷ್ಯರು ನೆಲದಿಂದ ಎತ್ತಿ ಖಾಲಿ ಮಾಡಿದ ನೀರು ಸುಮಾರು 2,15,000 ಕೋಟಿ ಟನ್ ಅಂತ ಅಂದಾಜು, ಅಷ್ಟು ತೂಕ ಜಾಗ ಬದಲಾಯಿಸಿದ್ದಕ್ಕೆ ಭೂಮಿ ತಿರುಗೋ ಅಕ್ಷದ ಧ್ರುವ ಸುಮಾರು 80 ಸೆಂಟಿಮೀಟರ್ ಪೂರ್ವಕ್ಕೆ ಸರಿದಿದೆ. ಆ ನೀರೆಲ್ಲಾ ಕೊನೆಗೆ ಎಲ್ಲಿ ಹೋಯ್ತು ಅಂದ್ರೆ ಸಮುದ್ರಕ್ಕೆ. ಮೊದಲ ಪ್ರಶ್ನೆಗೆ ಇದೂ ಒಂದು ಉತ್ತರ, ಒಂದು ಹನಿನೂ ಕಳೆದುಹೋಗಿಲ್ಲ, ಸಿಹಿಯಾಗಿದ್ದದ್ದು ಉಪ್ಪಾಯ್ತು, ವಾಪಸ್ ಆಳಕ್ಕೆ ಸಿಹಿಯಾಗಿ ಇಳಿಯೋಕೆ ಸಾವಿರಾರು ವರ್ಷ ಬೇಕು.

ಬರೀ ನೀರು ಹೋಗೋದಷ್ಟೇ ಅಲ್ಲ. ಜೇಡಿಮಣ್ಣಿನ ಪದರದಿಂದ ನೀರೆಳೆದ್ರೆ ಮಣ್ಣಿನ ಕಣ ಒಂದಕ್ಕೊಂದು ಒತ್ತಿ ಕೂತ್ಕೊಳ್ತವೆ, ಮತ್ತೆ ಎಷ್ಟೇ ಮಳೆ ಬಂದ್ರೂ ಆ ಜಾಗ ಹಿಂದಿನ ಹಾಗೆ ಬಿಚ್ಚಿಕೊಳ್ಳಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ ಬೇಸಾಯಕ್ಕೆ ನೀರೆತ್ತಿ ಎತ್ತಿ 1925ರಿಂದ 1977ರ ಒಳಗೆ ನೆಲ ಒಂದು ಕಡೆ ಎಂಟು ಮೀಟರಿಗಿಂತ ಜಾಸ್ತಿ ಕುಸಿದಿತ್ತು, ಎರಡು ಅಂತಸ್ತಿನ ಮನೆಗಿಂತ ಎತ್ತರ. ಸಮುದ್ರದ ದಂಡೆಯಲ್ಲಿ ಇನ್ನೊಂಥರ ಕಷ್ಟ. ಅಲ್ಲಿ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲ್ತಿರುತ್ತೆ, ಉಪ್ಪುನೀರು ಸ್ವಲ್ಪ ಭಾರ ಅನ್ನೋ ಕಾರಣಕ್ಕೆ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರಿದ್ರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರುತ್ತೆ, ಪಂಪ್ ಹಾಕಿ ಮೇಲಿನ ಆ ಒಂದು ಮೀಟರ್ ಇಳಿಸಿದ್ರೆ ಕಾಲಕ್ರಮೇಣ ಕೆಳಗಿನ ಉಪ್ಪುನೀರು 40 ಮೀಟರ್ ಮೇಲಕ್ಕೆ ಬರುತ್ತೆ. ಬಾವಿ ಬತ್ತೋದಕ್ಕಿಂತ ಮುಂಚೆನೇ ಉಪ್ಪಾಗುತ್ತೆ. ಆಳಕ್ಕೆ ಹೋದಷ್ಟೂ ಬಂಡೆಯ ಜೊತೆ ತುಂಬಾ ಕಾಲ ಇದ್ದ ನೀರು ಸಿಗುತ್ತೆ, ಅದರಲ್ಲಿ ಫ್ಲೋರೈಡ್ ಥರದ ಲವಣ ಜಾಸ್ತಿ ಇರೋ ಸಾಧ್ಯತೆನೂ ಇದೆ. ಹಾಗಾಗಿ ಇನ್ನೂ ಆಳಕ್ಕೆ ಕೊರೆಯೋದು ಪರಿಹಾರ ಅಲ್ಲ, ಅಸಲಿಗೇ ಕೈ ಹಾಕೋದು.

ಪ್ರಶ್ನೆ: ಮೇಷ್ಟ್ರೇ, ಭೂಮಿಯೊಳಗೆ ನೂರಾರು ಕಿಲೋಮೀಟರ್ ಆಳದಲ್ಲಿ ಮೇಲಿನ ಸಮುದ್ರಕ್ಕಿಂತ ದೊಡ್ಡ ಸಮುದ್ರ ಇದೆ ಅಂತ ಮೊಬೈಲಲ್ಲಿ ವಿಡಿಯೋ ನೋಡಿದೆ. ನಿಜಾನಾ?

ಉತ್ತರ: ಅರ್ಧ ನಿಜ. ಸುಮಾರು 520ರಿಂದ 660 ಕಿಲೋಮೀಟರ್ ಆಳದಲ್ಲಿ ರಿಂಗ್‌ವುಡೈಟ್ ಅನ್ನೋ ಖನಿಜ ಇದೆ, ಅದರ ರಚನೆಯೊಳಗೇ ನೀರಿನ ಅಂಶ ಸೇರ್ಕೊಂಡಿರುತ್ತೆ ಅನ್ನೋದಕ್ಕೆ 2014ರಲ್ಲಿ ಬ್ರೆಜಿಲ್‌ನ ಒಂದು ವಜ್ರದೊಳಗೆ ಸಾಕ್ಷಿ ಸಿಕ್ತು. ಆದ್ರೆ ಅದು ಹರಿಯೋ ನೀರಲ್ಲ, ಕಲ್ಲಿನ ಭಾಗ. ಮನುಷ್ಯ ಇದುವರೆಗೆ ಕೊರೆದ ಅತಿ ಆಳದ ರಂಧ್ರ ರಷ್ಯಾದ ಕೋಲಾದಲ್ಲಿರೋದು, 12 ಕಿಲೋಮೀಟರ್ ಚಿಲ್ಲರೆ ಆಳ. ಮುಂದೆ ಕೊರೆಯೋಕೆ ಬಿಸಿ ಬಿಡಲಿಲ್ಲ. ಆ ವಿಡಿಯೋ ನಂಬ್ಕೊಂಡು ಸಮಾಧಾನ ಪಡೋ ಹಾಗಿಲ್ಲ.

ಪ್ರಶ್ನೆ: ಸಮುದ್ರದ ನೀರಿಂದ ಉಪ್ಪು ತೆಗೆಯೋ ಟೆಕ್ನಾಲಜಿ ಈಗ ಇದೆಯಲ್ಲ, ಎಲ್ಲಾ ದೇಶದೋರೂ ಅದನ್ನೇ ಮಾಡಿದ್ರೆ ಕಥೆ ಮುಗೀತಲ್ವಾ?

ಉತ್ತರ: ಕುಡಿಯೋ ನೀರಿನ ಮಟ್ಟಿಗೆ, ಸಮುದ್ರದ ಪಕ್ಕದ ಊರುಗಳ ಮಟ್ಟಿಗೆ, ಹೌದು, ದೊಡ್ಡ ಸಹಾಯ. ಇಸ್ರೇಲ್, ಕೊಲ್ಲಿ ದೇಶಗಳು ಇದರ ಮೇಲೇ ನಿಂತಿವೆ. ಪೊರೆಯ ಒಂದು ಕಡೆ ಸಮುದ್ರದ ನೀರು ಹಾಕಿ 55ರಿಂದ 70 ಬಾರ್ ಒತ್ತಡ (ಒಂದು ಬಾರ್ ಅಂದ್ರೆ ಹೆಚ್ಚುಕಮ್ಮಿ ನಮ್ಮ ಸುತ್ತಲ ಗಾಳಿಯ ಒತ್ತಡ) ಕೊಟ್ರೆ ನೀರು ಆಚೆ ಹೋಗುತ್ತೆ, ಉಪ್ಪು ಈಚೆ ಉಳಿಯುತ್ತೆ, ಆರ್‌ಓ ಅಂತೀವಲ್ಲ ಅದೇ. ಇವತ್ತಿನ ಒಳ್ಳೇ ಘಟಕದಲ್ಲಿ ಸಾವಿರ ಲೀಟರಿಗೆ ಮೂರು ನಾಲ್ಕು ಯೂನಿಟ್ ಕರೆಂಟ್ ಸಾಕು. ಎಷ್ಟೇ ಜಾಣತನದ ಮೆಷಿನ್ ಮಾಡಿದ್ರೂ ಸುಮಾರು ಒಂದು ಯೂನಿಟಿಗಿಂತ ಕೆಳಗೆ ಇಳಿಸೋಕಾಗಲ್ಲ, ನೀರು ಮತ್ತೆ ಉಪ್ಪನ್ನ ಬೇರೆ ಮಾಡೋಕೆ ಪ್ರಕೃತಿ ಕೇಳೋ ಕನಿಷ್ಠ ಶಕ್ತಿ ಅದು.

ಮೂರು ನಾಲ್ಕು ಯೂನಿಟ್ ಕಮ್ಮಿನೇ ಅನ್ನಿಸುತ್ತೆ. ಆದ್ರೆ ಬೇಸಾಯಕ್ಕೆ ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಗೋಧಿ ಬೆಳೆಯೋಕೆ ಪ್ರಪಂಚದ ಸರಾಸರಿ ಸುಮಾರು 1,800 ಲೀಟರ್ ನೀರು ಬೇಕು, ಅದಷ್ಟನ್ನೂ ಸಮುದ್ರದಿಂದ ಉಪ್ಪು ತೆಗೆದು ಕೊಡ್ತೀವಿ ಅಂದ್ರೆ ಕಿಲೋ ಗೋಧಿಗೆ ಆರು ಯೂನಿಟ್ ಕರೆಂಟ್ ನೀರಿಗೇ ಹೋಯ್ತು. ಸಮುದ್ರದಿಂದ ದೂರದ, ಎತ್ತರದ ಪ್ರದೇಶ ಆದ್ರೆ ಒಂದು ಕಿಲೋಮೀಟರ್ ಮೇಲಕ್ಕೆ ಪಂಪ್ ಮಾಡೋಕೆ ಮತ್ತೆ ಅಷ್ಟೇ ಕರೆಂಟ್. ಆಮೇಲೆ ಉಳಿಯೋ ಗಟ್ಟಿ ಉಪ್ಪುನೀರು, ಪ್ರಪಂಚದ ಎಲ್ಲಾ ಘಟಕ ಸೇರಿ ನೋಡಿದ್ರೆ ಒಂದು ಲೀಟರ್ ಸಿಹಿನೀರಿಗೆ ಒಂದೂವರೆ ಲೀಟರ್ ಲೆಕ್ಕದಲ್ಲಿ ಹೊರಗೆ ಬರುತ್ತೆ, ಅದನ್ನ ಹುಷಾರಾಗಿ ಬಿಡದೇ ಇದ್ರೆ ದಂಡೆಯ ಜೀವಿಗಳಿಗೆ ಕಷ್ಟ. ಸೂರ್ಯ ಇದೇ ಕೆಲಸನ ಸಾವಿರ ಲೀಟರಿಗೆ ಹತ್ತಿರ ಹತ್ತಿರ 680 ಯೂನಿಟ್ ಶಕ್ತಿ ಸುರಿದು ಮಾಡ್ತಾನೆ, ಮೋಡನ ಸಾವಿರಾರು ಕಿಲೋಮೀಟರ್ ಸಾಗಿಸಿ ಬೆಟ್ಟದ ಮೇಲೆ ತಂದು ಸುರೀತಾನೆ, ನಮಗೆ ಬಿಲ್ ಬರಲ್ಲ. ಆ ಪ್ರಮಾಣಕ್ಕೆ ನಮ್ಮ ಯಾವ ಘಟಕವೂ ಹತ್ತಿರ ಬರೋಕಾಗಲ್ಲ.

ಪ್ರಶ್ನೆ: ಅಂಟಾರ್ಕ್ಟಿಕಾದ ಮಂಜುಗಡ್ಡೆ ಎಳ್ಕೊಂಡು ಬರಬಹುದಲ್ವಾ?

ಉತ್ತರ: ಸೌದಿಯ ರಾಜಕುಮಾರ ಮೊಹಮ್ಮದ್ ಅಲ್-ಫೈಸಲ್ ಇದಕ್ಕೆ ಬೆಂಬಲ ಕೊಟ್ಟು 1977ರಲ್ಲಿ ಅಮೆರಿಕದ ಅಯೋವಾದಲ್ಲಿ ವಿಜ್ಞಾನಿಗಳ ಸಮ್ಮೇಳನನೇ ನಡೀತು. ಆದ್ರೆ ಬಿಸಿ ಸಮುದ್ರ ದಾಟೋ ಹೊತ್ತಿಗೆ ಎಷ್ಟು ಉಳಿಯುತ್ತೆ, ಒಡೆದುಹೋದ್ರೆ ಏನು, ನೀರಿನ ಕೆಳಗೆ ನೂರಾರು ಮೀಟರ್ ಇಳಿದಿರೋ ಗಡ್ಡೆ ದಂಡೆಗೆ ಹೇಗೆ ಬರುತ್ತೆ, ಕರಗಿದ್ದನ್ನ ಹೇಗೆ ಹಿಡೀತೀರಿ ಅನ್ನೋದಕ್ಕೆಲ್ಲಾ ಕೆಲಸಕ್ಕೆ ಬರೋ ಉತ್ತರ ಸಿಕ್ಕಿಲ್ಲ.

ಪ್ರಶ್ನೆ: ಹಲ್ಲುಜ್ಜುವಾಗ ನಲ್ಲಿ ಬಂದ್ ಮಾಡಿ ಅಂತ ಎಲ್ಲಾ ಕಡೆ ಹೇಳ್ತಾರೆ. ನಾವು ನಲ್ಲಿ ಬಂದ್ ಮಾಡಿದ್ರೆ ನಿಜಕ್ಕೂ ಪ್ರಪಂಚದ ನೀರು ಉಳಿಯುತ್ತಾ? (ಗೃಹಿಣಿ)

ಉತ್ತರ: ಬಂದ್ ಮಾಡಿ ಮೇಡಂ, ನಿಮ್ಮ ಊರಿನ ಟ್ಯಾಂಕಿಗೆ ಅದು ಖಂಡಿತ ಉಳಿತಾಯ, ಆ ನೀರನ್ನ ಶುದ್ಧ ಮಾಡೋಕೆ ಪಂಪ್ ಮಾಡೋಕೆ ಖರ್ಚಾಗಿರೋ ಕರೆಂಟೂ ಉಳಿಯುತ್ತೆ. ಆದ್ರೆ ದೊಡ್ಡ ಲೆಕ್ಕ ಬೇರೆ ಕಡೆ ಇದೆ. ಮನುಷ್ಯರು ಎತ್ತೋ ಸಿಹಿನೀರಲ್ಲಿ ಸುಮಾರು 70 ಪರ್ಸೆಂಟ್ ಬೇಸಾಯಕ್ಕೆ, ಹತ್ತಿರ ಹತ್ತಿರ 20 ಕೈಗಾರಿಕೆ ಮತ್ತೆ ವಿದ್ಯುತ್ ಸ್ಥಾವರಕ್ಕೆ, ಮನೆ ಬಳಕೆ ಹತ್ತು ಪರ್ಸೆಂಟ್ ಚಿಲ್ಲರೆ ಅಷ್ಟೇ. ಮನೆಯ ನೀರು ಬಹುಪಾಲು ಕೊಳಚೆಯಾಗಿಯಾದ್ರೂ ವಾಪಸ್ ಬರುತ್ತೆ, ಬೇಸಾಯದ ನೀರಲ್ಲಿ ದೊಡ್ಡ ಪಾಲು ಎಲೆಯಿಂದ, ಮಣ್ಣಿನಿಂದ ಆವಿಯಾಗಿ ಆ ಕಣಿವೆಯಿಂದನೇ ಹೊರಟುಹೋಗುತ್ತೆ. ಒಂದು ಕಾಟನ್ ಟೀ ಶರ್ಟ್ ಹಿಂದೆ ಸುಮಾರು 2,700 ಲೀಟರ್ ನೀರಿದೆ, ಮಳೆ ನೀರೂ ಸೇರಿ.

ಹತ್ತಿಯ ಮಾತು ಬಂದಾಗ ಮಧ್ಯ ಏಷ್ಯಾದ ಅರಲ್ ಸಮುದ್ರದ ಕಥೆ ಹೇಳದೆ ಇರೋಕಾಗಲ್ಲ. 1960ರಲ್ಲಿ ಅದು ಸುಮಾರು 68,000 ಚದರ ಕಿಲೋಮೀಟರ್ ಇತ್ತು, ಪ್ರಪಂಚದ ನಾಲ್ಕನೇ ದೊಡ್ಡ ಸರೋವರ. ಸೋವಿಯತ್ ಸರ್ಕಾರ ಅಮು ದರಿಯಾ, ಸಿರ್ ದರಿಯಾ ಎರಡೂ ನದಿಯ ನೀರನ್ನ ಮರಳುಗಾಡಿನ ಹತ್ತಿ ಹೊಲಕ್ಕೆ ತಿರುಗಿಸ್ತು, ಅದೂ ಕೆಳಗೆ ಕಾಂಕ್ರೀಟ್ ಹಾಕದ ಮಣ್ಣಿನ ಕಾಲುವೆಗಳಲ್ಲಿ, ದಾರಿಯಲ್ಲೇ ಎಷ್ಟೋ ಇಂಗಿಹೋಗ್ತಿತ್ತು. ಐವತ್ತು ವರ್ಷದಲ್ಲಿ ಸರೋವರ ಹತ್ತನೇ ಒಂದು ಭಾಗಕ್ಕೆ ಇಳೀತು, ಮೊಯ್ನಾಕ್ ಅನ್ನೋ ಬಂದರು ಊರಲ್ಲಿ ಹಡಗುಗಳು ಮರಳ ಮೇಲೆ ನಿಂತ್ವು, ತಳದ ಉಪ್ಪು ಮತ್ತೆ ಕೀಟನಾಶಕದ ಧೂಳು ಗಾಳಿಗೆ ಎದ್ದು ಸುತ್ತಲ ಜನರ ಆರೋಗ್ಯ ಹಾಳಾಯ್ತು. ಅಲ್ಲಿ ಮಳೆ ನಿಂತಿರಲಿಲ್ಲ, ನದಿಯ ವರಮಾನ ಅಷ್ಟೇ ಇತ್ತು, ಪೂರ್ತಿ ವರಮಾನನ ಒಂದೇ ಬೆಳೆಗೆ ಬರೆದುಕೊಟ್ಟಿದ್ರು. 2005ರಲ್ಲಿ ಕಝಕ್‌ಸ್ತಾನದವರು ಉತ್ತರ ಭಾಗಕ್ಕೆ ಕೋಕ್-ಅರಲ್ ಅಣೆಕಟ್ಟು ಕಟ್ಟಿದ ಮೇಲೆ ಆ ಚಿಕ್ಕ ಭಾಗದಲ್ಲಿ ನೀರು ಏರಿ ಮೀನು ವಾಪಸ್ ಬಂತು, ಅದೊಂದು ಸಂತೋಷದ ಸಂಗತಿ.

ಪ್ರಶ್ನೆ: ಕೊಳಚೆ ನೀರನ್ನೇ ಶುದ್ಧ ಮಾಡಿ ಕುಡಿಯೋದು ಸರಿನಾ? ಕೇಳಿದ್ರೇ ಒಂಥರಾ ಆಗುತ್ತೆ.

ಉತ್ತರ: ಒಂಥರಾ ಆಗೋದು ಸಹಜ. ಆದ್ರೆ ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನಲ್ಲಿ 1968ರಿಂದ ಜನ ಶುದ್ಧೀಕರಿಸಿದ ಕೊಳಚೆ ನೀರನ್ನ ಬೇರೆ ನೀರಿನ ಜೊತೆ ಸೇರಿಸಿ ಕುಡೀತಿದ್ದಾರೆ, ಸಿಂಗಾಪುರದಲ್ಲಿ 2003ರಿಂದ ದೊಡ್ಡ ಮಟ್ಟದಲ್ಲಿ ಕೊಳಚೆ ಶುದ್ಧ ಮಾಡಿ ಬಹುಪಾಲು ಕೈಗಾರಿಕೆಗೆ, ಸ್ವಲ್ಪ ಕುಡಿಯೋ ನೀರಿಗೆ ಬಳಸ್ತಿದ್ದಾರೆ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳ ಬೆವರು, ಮೂತ್ರ ಸೇರಿ 98 ಪರ್ಸೆಂಟ್ ನೀರು ಮರುಬಳಕೆಯಾಗುತ್ತೆ ಅಂತ 2023ರಲ್ಲಿ ನಾಸಾ ಹೇಳಿದೆ. ಕೊಳಚೆಯಲ್ಲಿ ಸಮುದ್ರದ ನೀರಿಗಿಂತ ಉಪ್ಪು ಎಷ್ಟೋ ಕಮ್ಮಿ, ಅದಕ್ಕೇ ಕರೆಂಟೂ ಕಮ್ಮಿ ಸಾಕು. ನಿಗಾ ಸ್ವಲ್ಪ ಸಡಿಲ ಆದ್ರೂ ಅಪಾಯ ಅನ್ನೋದನ್ನ ಮಾತ್ರ ಮರೆಯೋ ಹಾಗಿಲ್ಲ, ಪರೀಕ್ಷೆ ದಿನದಿನಾ ಆಗ್ಬೇಕು. ಶುದ್ಧ ಮಾಡದೆ ಬಿಟ್ಟ ಕೊಳಚೆಯ ಕಥೆ ಇನ್ನೂ ಕೆಟ್ಟದ್ದು, ಅದು ಹೋಗಿ ಸೇರಿದ ಕೆರೆ, ನದಿಯ ಒಳ್ಳೇ ನೀರನ್ನೂ ಲೆಕ್ಕದಿಂದ ತೆಗೆದುಹಾಕುತ್ತೆ. ಊರ ಪಕ್ಕದಲ್ಲಿ ನದಿ ತುಂಬಿ ಹರೀತಿರುತ್ತೆ, ಕುಡಿಯೋಕೆ ಮಾತ್ರ ದೂರದಿಂದ ಪೈಪ್ ಹಾಕಿ ತರಬೇಕಾದ ಸ್ಥಿತಿ.

ಪ್ರಶ್ನೆ: ಭೂಮಿ ಬಿಸಿಯಾದ್ರೆ ಆವಿ ಜಾಸ್ತಿ, ಮಳೆನೂ ಜಾಸ್ತಿ ಅಂತಾರೆ. ಹಾಗಾದ್ರೆ ಮುಂದೆ ಸಿಹಿನೀರು ಹೆಚ್ಚಾಗುತ್ತೆ ಅಲ್ವಾ?

ಉತ್ತರ: ಒಂದು ಡಿಗ್ರಿ ಬಿಸಿ ಏರಿದ್ರೆ ಗಾಳಿ ಸುಮಾರು 7 ಪರ್ಸೆಂಟ್ ಜಾಸ್ತಿ ಆವಿ ಹಿಡಿಯಬಲ್ಲದು. ಒಟ್ಟು ಮಳೆ ಮಾತ್ರ ಅಷ್ಟು ಏರಲ್ಲ, ಎರಡು ಮೂರು ಪರ್ಸೆಂಟ್ ಅಷ್ಟೇ. ಇದರ ಅರ್ಥ, ಸುರಿದಾಗ ಒಂದೇ ಸಲ ಜೋರಾಗಿ ಸುರಿಯುತ್ತೆ, ನಡುವಿನ ಒಣ ದಿನಗಳು ಉದ್ದ ಆಗ್ತವೆ, ಒಣ ದಿನಗಳಲ್ಲಿ ಬಿಸಿ ಗಾಳಿ ಮಣ್ಣಿನ ತೇವನ ಇನ್ನೂ ಬೇಗ ಹೀರುತ್ತೆ. ಜೋರು ಮಳೆ ನೆಲಕ್ಕೆ ಇಂಗೋಕೆ ಸಮಯ ಕೊಡಲ್ಲ, ಹರಿದು ಹೋಗುತ್ತೆ. ಮೊತ್ತ ಏರಿದ್ರೂ ಕೈಗೆ ಸಿಗೋದು ಕಮ್ಮಿ ಆಗಬಹುದು.

ಬೆಟ್ಟದ ಹಿಮನದಿಗಳದ್ದು ಇನ್ನೊಂದು ಸಮಸ್ಯೆ. ಚಳಿಗಾಲದ ಹಿಮನ ಹಿಡಿದಿಟ್ಟು ಬೇಸಿಗೆಯಲ್ಲಿ, ನದಿಗೆ ನೀರು ಬೇಕಾದ ಹೊತ್ತಲ್ಲೇ ಬಿಡೋದು ಅವುಗಳ ಕೆಲಸ, ಯಾರೂ ಕಟ್ಟದ ಅಣೆಕಟ್ಟು ಅಂತಲೇ ಹೇಳ್ಬಹುದು. ಅವು ಕರಗ್ತಿರೋವಾಗ ಮೊದಲ ಕೆಲವು ದಶಕ ಕೆಳಗಿನ ನದೀಲಿ ನೀರು ಜಾಸ್ತಿನೇ ಬರುತ್ತೆ, ಒಂದು ಮಟ್ಟ ಮುಟ್ಟಿದ ಮೇಲೆ ಇಳಿಯೋಕೆ ಶುರುವಾಗುತ್ತೆ. ಬೊಲಿವಿಯಾದ ಚಕಲ್ಟಾಯಾ ಹಿಮನದಿ 2009ರ ಹೊತ್ತಿಗೆ ಪೂರ್ತಿ ಮಾಯ ಆಯ್ತು, ಒಂದು ಕಾಲದಲ್ಲಿ ಅಲ್ಲಿ ಜನ ಸ್ಕೀಯಿಂಗ್ ಆಡ್ತಿದ್ರು. ನನಗೆ ಹೆದರಿಕೆ ಇರೋದು ಆ ಏರಿಕೆಯ ದಶಕಗಳ ಬಗ್ಗೆ. ನದಿ ತುಂಬಿ ಬರ್ತಿದೆ ಅಂತ ಕೆಳಗಿನವರು ಹೊಸ ಕಾಲುವೆ ತೆಗೆದು ಬೇಸಾಯ ವಿಸ್ತಾರ ಮಾಡ್ಕೊಂಡುಬಿಡ್ತಾರೆ, ಬರ್ತಿರೋದು ಕರಗ್ತಿರೋ ಹಳೇ ಹಿಮ ಅಂತ ಯಾರಾದ್ರೂ ಅಳತೆ ಮಾಡಿ ಹೇಳದೆ ಇದ್ರೆ ಅವರಿಗೆ ಗೊತ್ತಾಗೋ ದಾರಿನೇ ಇಲ್ಲ. ಅದಕ್ಕೇ ಹಿಮನದಿ ಇರೋ ಪ್ರತಿ ಕಣಿವೆಯಲ್ಲೂ ನದಿಯ ನೀರಲ್ಲಿ ಹಿಮದ ಪಾಲೆಷ್ಟು, ಮಳೆಯ ಪಾಲೆಷ್ಟು ಅಂತ ಬೇರೆ ಬೇರೆಯಾಗಿ ಅಳೀಬೇಕು, ಕಾಲುವೆಯ ಪ್ಲ್ಯಾನ್ ಅದಾದ ಮೇಲೆ ಹಾಕ್ಬೇಕು.